ನೆಗ್ಗಿದ ಬಂಪರು

ಟೇಬಲ್ ಟೆನಿಸ್ ಆಡುವಾಗ ಚೆಂಡಿನ ಮೇಲೆ ಯಾರದಾದರೂ ಕಾಲು ಬಿದ್ದು ಅದು ಒಂದು ಕಡೆ ಒಳಕ್ಕೆ ನೆಗ್ಗಿಹೋಗುವುದುಂಟು. ಅಂಥ ಚೆಂಡನ್ನು ಅನುಭವವುಳ್ಳ ಆಟಗಾರರು ಒಡನೆಯೇ ಎಸೆದುಬಿಡುವುದಿಲ್ಲ. ಅದನ್ನು ಬಿಸಿನೀರಿನ ಪಾತ್ರೆಯಲ್ಲಿ ಹಾಕಿ ಚಮಚದಿಂದ ಮೆಲ್ಲನೆ ಹೊರಳಿಸುತ್ತಾರೆ. ನೋಡನೋಡುತ್ತಿದ್ದಂತೆಯೇ ನೆಗ್ಗಿದ ಭಾಗ ಹೊರಕ್ಕುಬ್ಬಿ ಚೆಂಡು ಮತ್ತೆ ದುಂಡಗಾಗುತ್ತದೆ. ಚೆಂಡು ಸೀಳಿದ್ದರೆ ಮಾತ್ರ ಈ ಉಪಾಯ ಫಲಿಸುವುದಿಲ್ಲ. ಹೀಗಾಗುವುದಕ್ಕೆ ಎರಡು ಕಾರಣಗಳಿವೆ. ಬಿಸಿಯಿಂದ ಚೆಂಡಿನ ಪ್ಲಾಸ್ಟಿಕ್ ಮೆದುವಾಗುತ್ತದೆ; ಒಳಗೆ ಸೆರೆಯಾಗಿರುವ ಗಾಳಿ ಹಿಗ್ಗಲೆಳಸಿ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. 27 ಡಿಗ್ರಿ ಸೆಲ್ಸಿಯಸ್ ಇದ್ದ ಗಾಳಿ 97 ಡಿಗ್ರಿಗೆ ಏರಿದರೆ ಅದರ ಒತ್ತಡ ಐದನೆಯ ಒಂದು ಪಾಲಿಗಿಂತಲೂ ಹೆಚ್ಚಾಗುತ್ತದೆ.

ಇದೇ ತತ್ತ್ವವನ್ನು ಆಧರಿಸಿ ಚೆಂಡಿಗಿಂತ ಬಹಳ ದೊಡ್ಡದಾದ ಒಂದು ವಸ್ತುವನ್ನು ಮನೆಯಂಗಳದಲ್ಲಿಯೇ ಸರಿಪಡಿಸಬಹುದು. ಆ ವಸ್ತುವೇ ಕಾರಿನ ಪ್ಲಾಸ್ಟಿಕ್ ಬಂಪರು. ಕಾರಿನ ಮುಂದೆಯೂ ಹಿಂದೆಯೂ ಅಡ್ಡಲಾಗಿ ಹಬ್ಬಿರುವ ಈ ಭಾಗವನ್ನು ನೀವೆಲ್ಲರೂ ನೋಡಿದ್ದೀರಿ. ಇಕ್ಕಟ್ಟಾದ ಓಣಿಯಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವಾಗ ಕಾಂಪೌಂಡಿನ ಕಂಬಕ್ಕೋ ನಿಂತಿರುವ ಇನ್ನೊಂದು ವಾಹನಕ್ಕೋ ತಾಗಿ ಅದು ನೆಗ್ಗುವುದು ದಿನನಿತ್ಯದ ಸಂಗತಿ. ಕಾರನ್ನು ಶೋಕಿಗಾಗಿ ಇಟ್ಟುಕೊಂಡವರಿಗೆ ಇದು ಅಂದದ ಪ್ರಶ್ನೆಯಾಗಿರಬಹುದು. ಆದರೆ ಬಾಡಿಗೆ ಕಾರು ಓಡಿಸಿ ಸಂಸಾರ ನಡೆಸುವವನಿಗೆ ಇದು ಅನ್ನದ ಪ್ರಶ್ನೆ. ಹೊಸ ಬಂಪರಿನ ಬೆಲೆ, ಅದಕ್ಕೆ ಬಣ್ಣ ಹೊಡೆಸುವ ಖರ್ಚು, ಕಾರು ಗ್ಯಾರೇಜಿನಲ್ಲಿ ನಿಂತಷ್ಟು ದಿನಗಳ ಸಂಪಾದನೆಯ ನಷ್ಟ, ಇವೆಲ್ಲವೂ ಕೂಡಿ ಆ ತಿಂಗಳ ಲೆಕ್ಕವನ್ನೇ ತಲೆಕೆಳಗು ಮಾಡಬಲ್ಲವು. ಯಾವ ನೆಗ್ಗನ್ನು ನಾವೇ ತೆಗೆಯಬಹುದು, ಯಾವುದನ್ನು ಮುಟ್ಟಬಾರದು ಎಂಬ ವಿವೇಕ ಇದ್ದರೆ ಹಣವೂ ಉಳಿಯುತ್ತದೆ, ಅಪಾಯವೂ ತಪ್ಪುತ್ತದೆ. ಆ ವಿವೇಕ ಹುಟ್ಟಬೇಕಾದರೆ ಬಂಪರು ಎಂದರೇನು, ಅದು ಯಾವ ವಸ್ತುವಿನಿಂದ ಆಗಿದೆ ಎಂಬುದನ್ನು ಮೊದಲು ಅರಿಯಬೇಕು.

ಹಿಂದಿನ ಕಾಲದ ಕಾರುಗಳ ಬಂಪರು ಉಕ್ಕಿನದಾಗಿತ್ತು. ಅಂಬಾಸಡರ್ ಕಾರಿನ ಮುಂದೆ ಕ್ರೋಮಿಯಂ ಲೇಪದಿಂದ ಬೆಳ್ಳಿಯಂತೆ ಹೊಳೆಯುತ್ತಿದ್ದ ದಪ್ಪ ಪಟ್ಟಿಯನ್ನು ನಿಮ್ಮ ಮನೆಯ ಹಿರಿಯರು ಚೆನ್ನಾಗಿ ಬಲ್ಲರು. ಅದು ನೆಗ್ಗಿದರೆ ಟಿಂಕರಿಂಗ್ ಕೆಲಸದವರ ಬಳಿಗೆ ಒಯ್ಯುತ್ತಿದ್ದರು. ಅವರು ಹಿಂದಿನಿಂದ ಸುತ್ತಿಗೆಯಿಂದ ತಟ್ಟಿ ತಟ್ಟಿ ಅದನ್ನು ನೇರಮಾಡುತ್ತಿದ್ದರು. ತಾಮ್ರದ ಬಿಂದಿಗೆಯ ನೆಗ್ಗನ್ನು ಕಂಚುಗಾರನು ತೆಗೆಯುವ ರೀತಿಯೂ ಅದೇ. ಕ್ರಮೇಣ ಉಕ್ಕಿನ ಜಾಗಕ್ಕೆ ಬೇರೆ ವಸ್ತುಗಳು ಬಂದವು. ಅಮೆರಿಕದ ಪಾಂಟಿಯಾಕ್ ಜಿಟಿಓ ಎಂಬ ಕಾರು 1968ರ ಮಾದರಿಯಲ್ಲಿ ಕಾರಿನ ಮೈಬಣ್ಣದ್ದೇ ಆದ, ಸಣ್ಣ ತಾಗುವಿಕೆಗೆ ಬಾಗಿ ಮರಳುವ ಮುಂಬಂಪರನ್ನು ಪಡೆಯಿತು. ಫ್ರಾನ್ಸಿನಲ್ಲಿ 1972ರಲ್ಲಿ ಹೊರಬಂದ ರೆನೋ 5 ಎಂಬ ಕಾರಿಗೆ ಪ್ಲಾಸ್ಟಿಕ್ ಬಂಪರುಗಳಿದ್ದವು. ಅದೇ ಹೊತ್ತಿಗೆ ಅಮೆರಿಕದ ಸರ್ಕಾರ ಒಂದು ನಿಯಮವನ್ನು ತಂದಿತು. 1973ರ ಮಾದರಿಯ ಕಾರುಗಳು ಮುಂಭಾಗದಿಂದ ಗಂಟೆಗೆ ಸುಮಾರು 8 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ತಾಗಿದರೂ ದೀಪ ಮುಂತಾದ ಸುರಕ್ಷತೆಯ ಭಾಗಗಳು ಕೆಡಬಾರದೆಂಬುದು ಅದರ ಸಾರ. ಬಂಪರು ಅಲಂಕಾರದ ವಸ್ತುವಲ್ಲ, ಅದಕ್ಕೊಂದು ಕರ್ತವ್ಯವುಂಟು ಎಂಬ ಅರಿವು ಹೀಗೆ ನಿಯಮದ ರೂಪವನ್ನು ತಾಳಿತು.

ಆ ಕರ್ತವ್ಯ ಏನೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. 1000 ಕಿಲೋಗ್ರಾಂ ತೂಕದ ಒಂದು ಕಾರು ಸೆಕೆಂಡಿಗೆ 2 ಮೀಟರ್, ಎಂದರೆ ಗಂಟೆಗೆ ಸುಮಾರು 7 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿದೆ ಎನ್ನೋಣ. ಅದರ ಚಲನಶಕ್ತಿ 2000 ಜೌಲ್‌ಗಳು. ಕಾರು ಗೋಡೆಗೆ ತಾಗಿ ನಿಲ್ಲುವಾಗ ಈ ಶಕ್ತಿಯೆಲ್ಲವೂ ಎಲ್ಲಿಯಾದರೂ ವ್ಯಯವಾಗಲೇಬೇಕು. ಕಾರು 2 ಸೆಂಟಿಮೀಟರ್ ದೂರದೊಳಗೆ ನಿಂತರೆ ಅದರ ಮೇಲೆ ಬೀಳುವ ಸರಾಸರಿ ಬಲ 1,00,000 ನ್ಯೂಟನ್‌ಗಳು. ನಿಲ್ಲುವ ದೂರ 10 ಸೆಂಟಿಮೀಟರ್ ಆದರೆ ಬಲ 20,000 ನ್ಯೂಟನ್‌ಗಳಿಗೆ, ಎಂದರೆ ಐದನೆಯ ಒಂದು ಪಾಲಿಗೆ ಇಳಿಯುತ್ತದೆ. ಗೋಡೆ ಹಿಂದೆ ಸರಿಯುವುದಿಲ್ಲ. ಆದುದರಿಂದ ಆ ದೂರವನ್ನು ಬಂಪರೇ ತಾನು ಕುಗ್ಗಿ ಒದಗಿಸಿಕೊಡಬೇಕು. ತಾನು ಬಾಗಿ ಬೇರೆಯವರನ್ನು ಉಳಿಸುವುದೇ ಬಂಪರಿನ ಧರ್ಮ. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುವುದರಿಂದ ಬಂಪರಿನ ಈ ಸಾಮರ್ಥ್ಯಕ್ಕೂ ಒಂದು ಮಿತಿಯಿದೆ ಎಂಬುದನ್ನು ಮರೆಯಬಾರದು.

ಈಗಿನ ಬಂಪರಿನ ರಚನೆಯನ್ನು ತೆಂಗಿನಕಾಯಿಗೆ ಹೋಲಿಸಬಹುದು. ಎತ್ತರದ ಮರದಿಂದ ಬಿದ್ದರೂ ಸಿಪ್ಪೆಯುಳ್ಳ ಕಾಯಿ ಸಾಮಾನ್ಯವಾಗಿ ಒಡೆಯುವುದಿಲ್ಲ. ಅದರ ಹೊರಗೆ ನುಣುಪಾದ ತೆಳು ಸಿಪ್ಪೆ. ಅದರೊಳಗೆ ಪೆಟ್ಟನ್ನು ನುಂಗುವ ನಾರಿನ ದಪ್ಪ ಪದರ. ಅದಕ್ಕೂ ಒಳಗೆ ಗಟ್ಟಿಯಾದ ಕರಟ. ಕಾರಿನಲ್ಲಿಯೂ ಹಾಗೆಯೇ. ನಮ್ಮ ಕಣ್ಣಿಗೆ ಕಾಣುವುದು ಬಣ್ಣ ಬಳಿದ ತೆಳುವಾದ ಪ್ಲಾಸ್ಟಿಕ್ ಹೊದಿಕೆ ಮಾತ್ರ. ಅದರ ಹಿಂದೆ ಅನೇಕ ಕಾರುಗಳಲ್ಲಿ ಗಾಳಿಗುಳ್ಳೆಗಳಿಂದ ತುಂಬಿದ ಹಗುರವಾದ ನೊರೆ ಪ್ಲಾಸ್ಟಿಕ್ಕಿನ ದಿಂಡು ಇರುತ್ತದೆ. ಅದಕ್ಕೂ ಹಿಂದೆ ಉಕ್ಕಿನ ಅಥವಾ ಅಲ್ಯೂಮಿನಿಯಮ್ಮಿನ ಅಡ್ಡತೊಲೆ ಇರುತ್ತದೆ. ನಾವು ನೆಗ್ಗು ಎಂದು ಕರೆಯುವುದು ಹೊರಸಿಪ್ಪೆಯಲ್ಲಿ ಕಾಣುವ ಗುರುತು. ನಾರು ಜಜ್ಜಿಹೋಗಿದೆಯೋ, ಕರಟ ಬಿರುಕುಬಿಟ್ಟಿದೆಯೋ ಎಂಬುದು ಸಿಪ್ಪೆಯನ್ನು ನೋಡಿದ ಮಾತ್ರಕ್ಕೆ ತಿಳಿಯದು. ಈ ಮಾತನ್ನು ಕಡೆಯವರೆಗೂ ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನು ಆ ಸಿಪ್ಪೆಯ ವಸ್ತುವಿನ ವಿಚಾರ. ಬಹುಪಾಲು ಕಾರುಗಳ ಬಂಪರಿನ ಹೊದಿಕೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನಿಂದ ಆದುದು. ಮೂರು ಇಂಗಾಲದ ಪರಮಾಣುಗಳೂ ಆರು ಜಲಜನಕದ ಪರಮಾಣುಗಳೂ ಸೇರಿದ ಪ್ರೊಪಿಲೀನ್ ಎಂಬ ಅನಿಲದ ಅಣುಗಳು ಸಾವಿರಗಟ್ಟಲೆಯಾಗಿ ಒಂದರ ಬಾಲವನ್ನೊಂದು ಹಿಡಿದು ಸರಪಣಿಯಾದಾಗ ಈ ಪ್ಲಾಸ್ಟಿಕ್ ಉಂಟಾಗುತ್ತದೆ. ಇಂಥ ವಸ್ತುಗಳು ಉದ್ದವಾದ ಸರಪಣಿ ಅಣುಗಳಿಂದ ಆಗಿವೆ ಎಂದು ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಪ್ರತಿಪಾದಿಸಿದರು. ಮೊದಲು ಬಹಳ ಮಂದಿ ಅದನ್ನು ನಂಬಲಿಲ್ಲ. 1953ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇಟಲಿಯ ಮಿಲಾನಿನಲ್ಲಿ ಜೂಲಿಯೋ ನಟ್ಟಾ ಅವರು 1954ರಲ್ಲಿ, ಜರ್ಮನಿಯ ಕಾರ್ಲ್ ಜೀಗ್ಲರ್ ಕಂಡುಹಿಡಿದಿದ್ದ ವೇಗವರ್ಧಕಗಳ ನೆರವಿನಿಂದ, ಕ್ರಮಬದ್ಧವಾದ ಸರಪಣಿಗಳುಳ್ಳ ಗಟ್ಟಿ ಪಾಲಿಪ್ರೊಪಿಲೀನನ್ನು ಪಡೆದರು. ಇವರಿಬ್ಬರಿಗೂ 1963ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಬಂಪರಿಗೆಂದು ಈ ಪ್ಲಾಸ್ಟಿಕ್ಕಿಗೆ ಒಂದು ಬಗೆಯ ರಬ್ಬರನ್ನೂ ಟಾಲ್ಕ್ ಎಂಬ ಖನಿಜದ ಪುಡಿಯನ್ನೂ ಬೆರೆಸುತ್ತಾರೆ. ರಬ್ಬರು ಅದಕ್ಕೆ ಒಡೆಯದೆ ಬಾಗುವ ಗುಣವನ್ನು ಕೊಡುತ್ತದೆ. ಟಾಲ್ಕ್ ಬಿಗುವನ್ನು ಕೊಡುತ್ತದೆ. ಹೊದಿಕೆಯ ಒಳಮೈಯಲ್ಲಿ ಸಾಮಾನ್ಯವಾಗಿ ಇದರ ಸಂಕೇತಾಕ್ಷರಗಳನ್ನು ಅಚ್ಚೊತ್ತಿರುತ್ತಾರೆ. ‘ಪಿಪಿ’ ಎಂದಿದ್ದರೆ ಪಾಲಿಪ್ರೊಪಿಲೀನ್ ಎಂದೂ ‘ಇಪಿಡಿಎಂ’ ಎಂದಿದ್ದರೆ ರಬ್ಬರು ಬೆರೆತಿದೆ ಎಂದೂ ‘ಟಿ’ ಅಕ್ಷರದೊಡನೆ 20 ಎಂದಿದ್ದರೆ ತೂಕದಲ್ಲಿ ನೂರಕ್ಕೆ 20 ಪಾಲು ಟಾಲ್ಕ್ ಇದೆ ಎಂದೂ ತಿಳಿಯಬೇಕು.

ಪ್ಲಾಸ್ಟಿಕ್ಕುಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳಿವೆ. ಅಡುಗೆಮನೆಯ ಕುಕ್ಕರಿನ ಕಪ್ಪು ಹಿಡಿಯನ್ನು ನೋಡಿರಿ. ಅಂಥ ಹಿಡಿಗಳನ್ನು ಬಹುಕಾಲದಿಂದ ಬೇಕಲೈಟಿನಿಂದ ಮಾಡುತ್ತಾ ಬಂದಿದ್ದಾರೆ. ಲಿಯೋ ಬೇಕಲೆಂಡ್ ಅವರು 1907ರಲ್ಲಿ ಕಂಡುಹಿಡಿದ ಈ ಪ್ಲಾಸ್ಟಿಕ್ ಒಮ್ಮೆ ಗಟ್ಟಿಯಾದರೆ ಮುಗಿಯಿತು. ಮತ್ತೆ ಕಾಯಿಸಿದರೆ ಮೆದುವಾಗುವುದಿಲ್ಲ, ಅತಿಯಾಗಿ ಕಾಯಿಸಿದರೆ ಸೀಯುತ್ತದೆ. ಅದರ ಸರಪಣಿಗಳು ಅಡ್ಡಡ್ಡಲಾಗಿ ಒಂದಕ್ಕೊಂದು ಬೆಸೆದುಕೊಂಡಿರುವುದೇ ಇದಕ್ಕೆ ಕಾರಣ. ಇವುಗಳಿಗೆ ಥರ್ಮೋಸೆಟ್ಟಿಂಗ್ ಪ್ಲಾಸ್ಟಿಕ್ ಎಂದು ಹೆಸರು. ಬಚ್ಚಲಿನ ಬಕೆಟ್ಟು, ಕುಡಿಯುವ ನೀರಿನ ಬಾಟಲಿ, ಕಾರಿನ ಬಂಪರು ಇವು ಇನ್ನೊಂದು ಜಾತಿಗೆ ಸೇರಿದವು. ಇವು ಕಾದರೆ ಮೆದುವಾಗುತ್ತವೆ, ಆರಿದರೆ ಗಟ್ಟಿಯಾಗುತ್ತವೆ. ಇವೇ ಥರ್ಮೋಪ್ಲಾಸ್ಟಿಕ್ಕುಗಳು.

ಥರ್ಮೋಪ್ಲಾಸ್ಟಿಕ್ಕುಗಳಿಗೆ ಒಂದು ಬಗೆಯ ನೆನಪಿನ ಶಕ್ತಿ ಉಂಟು. ಅಂಗಡಿಯಲ್ಲಿ ಸಿಗುವ ನೀರಿನ ತೆಳು ಬಾಟಲಿಗೆ ತುಂಬ ಬಿಸಿಯಾದ ನೀರನ್ನು ಸುರಿದರೆ ಅದು ಮುದುಡಿಕೊಂಡು ಚಿಕ್ಕದಾಗುವುದನ್ನು ನೀವು ಕಂಡಿರಬಹುದು. ಆ ಬಾಟಲಿಯನ್ನು ಕಾರ್ಖಾನೆಯಲ್ಲಿ ಮೊದಲು ಕೈಬೆರಳಿನಂತೆ ಗಿಡ್ಡವಾದ ದಪ್ಪ ಕೊಳವೆಯಾಗಿ ಎರಕಹೊಯ್ದು, ಆಮೇಲೆ ಕಾಯಿಸಿ, ಎಳೆದು, ಗಾಳಿಯೂದಿ ಹಿಗ್ಗಿಸಿರುತ್ತಾರೆ. ಬಿಸಿ ತಾಗಿದೊಡನೆ ಅದು ತನ್ನ ಹಳೆಯ ಗಿಡ್ಡ ರೂಪದ ಕಡೆಗೆ ಮರಳಲು ಹವಣಿಸುತ್ತದೆ. ಬಂಪರಿನ ಸ್ಥಿತಿಯೂ ಇಂಥದೇ. ಅದು ಅಚ್ಚಿನಲ್ಲಿ ಎರಕಗೊಂಡಾಗ ಪಡೆದ ಆಕಾರವೇ ಅದರ ಮೂಲರೂಪ. ಪೆಟ್ಟಿನಿಂದ ಒಳಕ್ಕೆ ತಗ್ಗಿದಾಗ ಅದರ ಸರಪಣಿ ಅಣುಗಳು ಅಸ್ವಾಭಾವಿಕವಾಗಿ ಬಾಗಿ, ಹಿಗ್ಗಿ, ಅದೇ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಂಡಿರುತ್ತವೆ.

ಇದನ್ನು ಇನ್ನೂ ಸ್ಪಷ್ಟವಾಗಿ ಹೀಗೆ ಊಹಿಸಿಕೊಳ್ಳಬಹುದು. ಬಟ್ಟಲಿನಲ್ಲಿ ಬೆಂದ ಶಾವಿಗೆಯ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿವೆ ಎನ್ನೋಣ. ಕೆಲವು ಕಡೆಗಳಲ್ಲಿ ಎಳೆಗಳು ಸಾಲಾಗಿ ಒತ್ತೊತ್ತಾಗಿ ಮಲಗಿ ಗಟ್ಟಿ ಕಟ್ಟುಗಳಾಗಿವೆ. ಕಟ್ಟುಗಳ ನಡುವೆ ಉಳಿದ ಎಳೆಗಳು ಸಡಿಲವಾಗಿ ಸುರುಳಿಗೊಂಡಿವೆ. ಪಾಲಿಪ್ರೊಪಿಲೀನಿನ ಒಳರಚನೆ ಹೆಚ್ಚು ಕಡಿಮೆ ಹೀಗಿದೆ. ಗಟ್ಟಿ ಕಟ್ಟುಗಳು ಸುಮಾರು 160 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗುವುದಿಲ್ಲ. ಮೂಲರೂಪದ ನೆನಪನ್ನು ಕಾಪಾಡುವವು ಅವೇ. ನಡುವಿನ ಸಡಿಲ ಎಳೆಗಳು ಬಿಸಿ ಏರಿದಂತೆಲ್ಲ ಚುರುಕಾಗಿ ಅಲುಗಾಡಿ ಜಾರಲು ತೊಡಗುತ್ತವೆ. ಆಗ ಸಿಕ್ಕಿಹಾಕಿಕೊಂಡಿದ್ದ ಒತ್ತಡ ಬಿಡುಗಡೆಯಾಗಿ ವಸ್ತು ಹಳೆಯ ಆಕಾರಕ್ಕೆ ಮರಳಲು ಸಿದ್ಧವಾಗುತ್ತದೆ. ಕಟ್ಟುಗಳು ಕರಗುವಷ್ಟು ಕಾಯಿಸಿದರೆ ಮಾತ್ರ ನೆನಪೇ ಅಳಿಸಿಹೋಗುತ್ತದೆ. ಬಂಪರು ಜೋತುಬಿದ್ದು ವಿಕಾರವಾಗುತ್ತದೆ. ಆದುದರಿಂದ ಬಿಸಿ ಬೇಕು, ಆದರೆ ಮಿತಿಮೀರಬಾರದು.

ಈ ಮಿತಿಯನ್ನು ಯಾವ ಉಪಕರಣವೂ ಇಲ್ಲದೆ ತಾನಾಗಿಯೇ ಪಾಲಿಸುವ ಒಂದು ವಸ್ತು ನಮ್ಮ ಅಡುಗೆಮನೆಯಲ್ಲಿದೆ. ಅದು ನೀರು. ತೆರೆದ ಪಾತ್ರೆಯ ನೀರನ್ನು ಎಷ್ಟೇ ಉರಿ ಹಾಕಿ ಕಾಯಿಸಿದರೂ ಅದರ ಉಷ್ಣತೆ 100 ಡಿಗ್ರಿಯನ್ನು ದಾಟುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನಲ್ಲಾಗಲಿ ಮಡಿಕೇರಿಯಲ್ಲಾಗಲಿ ಕುದಿಯುವ ನೀರು ಪಾಲಿಪ್ರೊಪಿಲೀನನ್ನು ಮೆದುಮಾಡಬಲ್ಲುದೇ ಹೊರತು ಕರಗಿಸಲಾರದು. ಬಣ್ಣ ಕೀಳುವ ಕೆಲಸಕ್ಕೆ ಬಳಸುವ ಬಿಸಿಗಾಳಿಯ ಯಂತ್ರವಾದರೋ ಹಲವು ನೂರು ಡಿಗ್ರಿಗಳ ಗಾಳಿಯನ್ನು ಉಗುಳುತ್ತದೆ. ನುರಿತ ಕೈಯಲ್ಲಿ ಅದು ಒಳ್ಳೆಯ ಸಾಧನ; ಹೊಸಬರ ಕೈಯಲ್ಲಿ ಅದು ಕ್ಷಣಮಾತ್ರದಲ್ಲಿ ಬಣ್ಣವನ್ನು ಗುಳ್ಳೆಯೇಳಿಸಿ ಪ್ಲಾಸ್ಟಿಕ್ಕನ್ನು ಸುಕ್ಕುಗಟ್ಟಿಸುತ್ತದೆ.

ಕೆಲಸಕ್ಕೆ ಕೈಹಾಕುವ ಮೊದಲು ಬಂಪರನ್ನು ವೈದ್ಯನು ರೋಗಿಯನ್ನು ಪರೀಕ್ಷಿಸುವಂತೆ ಪರೀಕ್ಷಿಸಬೇಕು. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಬೀಗದ ಕೈಯನ್ನು ತೆಗೆದಿರಿಸಿ, ಕೈಬ್ರೇಕನ್ನು ಎಳೆದಿರಬೇಕು. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಮುಂಭಾಗದ ಒಳಗೆ ಕೈಯಿಡಬಾರದು. ರೇಡಿಯೇಟರಿನ ವಿದ್ಯುತ್ ಪಂಖ ಕೆಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ತಾನಾಗಿ ತಿರುಗುತ್ತದೆ. ನೆಗ್ಗಿದ ಭಾಗವನ್ನು ಸಾಬೂನು ನೀರಿನಿಂದ ಮೆದುಬಟ್ಟೆಯಲ್ಲಿ ತೊಳೆಯಬೇಕು. ಮರಳಿನ ಕಣಗಳು ಉಳಿದರೆ ಉಜ್ಜಿದಾಗ ಬಣ್ಣದ ಮೇಲೆ ಗೀರು ಬೀಳುತ್ತದೆ. ಅನಂತರ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಎಲ್ಲಿಯಾದರೂ ಬಿರುಕು ಬಿಟ್ಟಿದೆಯೆ? ಬಂಪರು ಪಕ್ಕದ ಭಾಗಗಳಿಂದ ಕಳಚಿ ಜೋತಿದೆಯೆ? ನೆಗ್ಗಿದ ಜಾಗದಲ್ಲಿ ಅಥವಾ ಅದರ ಹಿಂದೆ ದೀಪ, ತಂತಿ, ಸಂವೇದಕಗಳು ಇವೆಯೆ?

ಮೂರನೆಯ ಪ್ರಶ್ನೆ ಈಚಿನ ಕಾರುಗಳಲ್ಲಿ ಬಹಳ ಮುಖ್ಯವಾದುದು. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ತಯಾರಾಗುವ ಕಾರುಗಳಿಗೆ, ಹಿಂದಕ್ಕೆ ಚಲಿಸುವಾಗ ಅಡ್ಡಿಯನ್ನು ಗುರುತಿಸಿ ಎಚ್ಚರಿಸುವ ಸಂವೇದಕಗಳು ಕಡ್ಡಾಯವಾಗಿವೆ. ಹಿಂಬಂಪರಿನಲ್ಲಿ ಕಾಣುವ ಚಿಕ್ಕ ಬಿಲ್ಲೆಗಳು ಅವೇ. ಕೆಲವು ಕಾರುಗಳಲ್ಲಿ ಗಾಳಿಚೀಲಗಳಿಗೆ ಸೂಚನೆ ಕೊಡುವ ಸಂವೇದಕಗಳು ಕಾರಿನ ಮುಂಭಾಗದಲ್ಲಿರುತ್ತವೆ. ಇವುಗಳ ಸಮೀಪದಲ್ಲಿ ನೆಗ್ಗು ಇದ್ದರೆ ನಾವು ಮುಟ್ಟದೆ ಬಲ್ಲವರ ಬಳಿಗೆ ಒಯ್ಯುವುದೇ ಲೇಸು. ಮೂರು ಪ್ರಶ್ನೆಗಳಿಗೂ ‘ಇಲ್ಲ’ ಎಂಬ ಉತ್ತರ ಬಂದರೆ ಮಾತ್ರ ಮುಂದಿನ ಹೆಜ್ಜೆ ಇಡಬಹುದು. ಅಗಲವಾಗಿ, ತಟ್ಟೆಯಂತೆ ತಗ್ಗಿದ ನೆಗ್ಗು ಸುಲಭವಾಗಿ ಮರಳುತ್ತದೆ. ಚೂಪಾದ ಮಡಿಕೆ ಬಿದ್ದು, ಮಡಿಕೆಯಲ್ಲಿ ಪ್ಲಾಸ್ಟಿಕ್ ಬೆಳ್ಳಗಾಗಿದ್ದರೆ ಅಲ್ಲಿ ವಸ್ತು ಮಿತಿಮೀರಿ ಹಿಗ್ಗಿದೆ ಎಂದು ತಿಳಿಯಬೇಕು. ಅದು ಮರಳಿದರೂ ಮಡಿಕೆಯ ಗೆರೆ ಉಳಿಯುವ ಸಂಭವವುಂಟು.

ಈ ಕೆಲಸಕ್ಕೆ ಇಬ್ಬರು ಬೇಕು, ಅವರಲ್ಲಿ ಒಬ್ಬರಾದರೂ ಹಿರಿಯರಾಗಿರಬೇಕು. ವಿದ್ಯಾರ್ಥಿಗಳು ಕುದಿಯುವ ನೀರನ್ನು ತಾವಾಗಿ ಎತ್ತಿ ಸುರಿಯಬಾರದು. ನಾಲ್ಕೈದು ಲೀಟರು ಕುದಿಯುವ ನೀರು, ಅಷ್ಟೇ ತಣ್ಣೀರು, ಉದ್ದ ಹಿಡಿಯುಳ್ಳ ಒಂದು ಸೌಟು, ದಪ್ಪನೆಯ ಒಂದು ಹಳೆಯ ಟವೆಲು, ನೀರಿಳಿಯದ ದಪ್ಪ ಕೈಗವಸು, ಕಾಲನ್ನು ಮುಚ್ಚುವ ಪಾದರಕ್ಷೆ, ಇಷ್ಟು ಸಾಮಗ್ರಿಗಳಿದ್ದರೆ ಸಾಕು. ಬಂಪರಿನ ಮೈ ಇಳಿಜಾರಾಗಿರುವುದರಿಂದ ಸುಮ್ಮನೆ ಸುರಿದ ನೀರು ಬಿಸಿಯನ್ನು ಕೊಡುವ ಮೊದಲೇ ಜಾರಿ ನೆಲಕ್ಕೆ ಬೀಳುತ್ತದೆ. ಆದುದರಿಂದ ಟವೆಲನ್ನು ನೆಗ್ಗಿನ ಮೇಲೂ ಅದರ ಸುತ್ತ ಒಂದು ಗೇಣಿನ ಮಟ್ಟಿಗೂ ಹರಡಿ, ಅದರ ಮೇಲೆ ಸೌಟಿನಿಂದ ಬಿಸಿನೀರನ್ನು ಮೇಲಂಚಿನಿಂದ ಮೆಲ್ಲಮೆಲ್ಲನೆ ಸುರಿಯುತ್ತಾ ಹೋಗಬೇಕು. ಟವೆಲು ಬಿಸಿಯನ್ನು ಹಿಡಿದಿಟ್ಟು ಪ್ಲಾಸ್ಟಿಕ್ಕಿಗೆ ಉಣಿಸುತ್ತದೆ. ದೀಪಗಳ ಮೇಲೆ ನೀರು ಬೀಳದಂತೆ ನೋಡಿಕೊಳ್ಳಬೇಕು. ಸುರಿಯುತ್ತಿರುವಾಗ ಎರಡನೆಯವರು ಬಂಪರಿನ ಕೆಳಗೆ ಕೈಯಿಡಬಾರದು.

ನೀರು ಸುರಿದು ಮುಗಿದ ಮೇಲೆ ಟವೆಲನ್ನು ಸೌಟಿನ ಹಿಡಿಯಿಂದ ಸರಿಸಿ, ಕೈಗವಸು ತೊಟ್ಟ ಕೈಯನ್ನು ಬಂಪರಿನ ಹಿಂಭಾಗಕ್ಕೆ ಚಾಚಿ, ಅಂಗೈಯನ್ನು ಅಗಲವಾಗಿ ಊರಿ ಹೊರಕ್ಕೆ ಒತ್ತಬೇಕು. ಚೆಂಡಿನೊಳಗೆ ಗಾಳಿ ಮಾಡಿದ ಕೆಲಸವನ್ನು ಇಲ್ಲಿ ನಮ್ಮ ಅಂಗೈ ಮಾಡುತ್ತದೆ. ಬಂಪರಿನ ಹಿಂದೆ ಸೆರೆಯಾದ ಗಾಳಿ ಇಲ್ಲವಲ್ಲ! ಮುಷ್ಟಿಯಿಂದ ಗುದ್ದಬಾರದು, ಸುತ್ತಿಗೆಯಿಂದ ತಟ್ಟಬಾರದು, ಕಬ್ಬಿಣದ ಸಲಾಕೆಯಿಂದ ಮೀಟಬಾರದು. ಚೂಪಾದ ಒತ್ತಡ ಒಂದು ನೆಗ್ಗನ್ನು ತೆಗೆದು ಇನ್ನೊಂದು ಉಬ್ಬನ್ನು ಹುಟ್ಟಿಸುತ್ತದೆ. ಹಿಂದಿನಿಂದ ಕೈ ಹೋಗದಿದ್ದರೆ, ಸಿಂಕಿನ ಕೊಳವೆ ಕಟ್ಟಿಕೊಂಡಾಗ ಬಳಸುವ ಬಟ್ಟಲಿನಾಕಾರದ ರಬ್ಬರಿನ ಅಂಚನ್ನು ಒದ್ದೆಮಾಡಿ, ನೆಗ್ಗಿನ ಮೇಲೆ ಒತ್ತಿ ನೇರವಾಗಿ ಎಳೆಯಬಹುದು. ಅನೇಕ ವೇಳೆ ‘ಟಪ್’ ಎಂಬ ಸದ್ದಿನೊಡನೆ ನೆಗ್ಗು ಒಮ್ಮೆಗೇ ಹೊರಕ್ಕೆ ಬರುತ್ತದೆ. ಕೆಲವೊಮ್ಮೆ ಅರ್ಧ ಬಂದು ನಿಲ್ಲುತ್ತದೆ. ಆಗ ಹಟಹಿಡಿದು ತಣ್ಣಗಾದ ಪ್ಲಾಸ್ಟಿಕ್ಕನ್ನು ಒತ್ತುವ ಬದಲು ಮತ್ತೆ ಬಿಸಿ ಕೊಡಬೇಕು. ಕೈಯಳತೆಯಲ್ಲಿ ಹಿಡಿದು ಬಳಸುವ, ಕೂದಲು ಒಣಗಿಸುವ ಯಂತ್ರದಿಂದಲೂ ಒಂದಿಷ್ಟು ಬಿಸಿಯನ್ನು ಕೊಡಬಹುದು. ಆದರೆ ಅದು ವಿದ್ಯುತ್ತಿನ ಉಪಕರಣ. ನೀರು ಹರಿದ ನೆಲದಲ್ಲಿ, ಒದ್ದೆ ಕೈಯಲ್ಲಿ ಅದನ್ನು ಎಂದಿಗೂ ಹಿಡಿಯಬಾರದು.

ನೆಗ್ಗು ಹೊರಬಂದ ಕೂಡಲೇ, ಅಂಗೈಯನ್ನು ಒತ್ತಿ ಹಿಡಿದಿರುವಾಗಲೇ, ಇನ್ನೊಬ್ಬರು ಅದರ ಮೇಲೆ ತಣ್ಣೀರನ್ನು ಸುರಿಯಬೇಕು. ತಣ್ಣೀರು ನೆಗ್ಗನ್ನು ಎಳೆದು ತೆಗೆಯುತ್ತದೆ ಎಂದು ಕೆಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಎಳೆಯುವ ಕೆಲಸ ಬಿಸಿಯದು ಮತ್ತು ಕೈಯದು. ತಣ್ಣೀರಿನ ಕೆಲಸ ಬಂದ ಆಕಾರವನ್ನು ನಿಲ್ಲಿಸುವುದು. ಎಳೆಗಳ ಅಲುಗಾಟ ಅಡಗಿ ಪ್ಲಾಸ್ಟಿಕ್ ಬಿಗಿಯಾದ ಮೇಲೆಯೇ ಕೈಯನ್ನು ತೆಗೆಯಬೇಕು. ಹೀಗೆ ಮೂರು ನಾಲ್ಕು ಬಾರಿ ಪ್ರಯತ್ನಿಸಿಯೂ ನೆಗ್ಗು ಬಾರದಿದ್ದರೆ ನಿಲ್ಲಿಸಬೇಕು. ಆ ಬಂಪರು ಬೇರೆ ಪ್ಲಾಸ್ಟಿಕ್ಕಿನದಾಗಿರಬಹುದು. ಉದಾಹರಣೆಗೆ, ಪಾಲಿಕಾರ್ಬೊನೇಟ್ ಬೆರೆತ ಹೊದಿಕೆ ಕುದಿಯುವ ನೀರಿನ ಬಿಸಿಗೆ ಸುಲಭವಾಗಿ ಜಗ್ಗದು. ಅಥವಾ ಹಿಂದಿನ ತೊಲೆಯೇ ಬಾಗಿ ಹೊದಿಕೆಯನ್ನು ತಡೆದಿರಬಹುದು.

ಬಿರುಕು ಬಿಟ್ಟ ಬಂಪರಿನ ಕಥೆ ಬೇರೆ. ಬಾಗಿದ ಸರಪಣಿಗಳನ್ನು ಬಿಸಿ ನೇರಮಾಡಬಲ್ಲುದು; ಬೇರ್ಪಟ್ಟ ಭಾಗಗಳನ್ನು ಬಿಸಿನೀರು ಕೂಡಿಸಲಾರದು. ಅದನ್ನು ಒತ್ತಿದರೆ ಬಿರುಕು ಇನ್ನಷ್ಟು ಓಡುತ್ತದೆ. ಮನೆಯಲ್ಲಿರುವ ಸಾಮಾನ್ಯ ಅಂಟಿನಿಂದ ಅಂಟಿಸಲೂ ಆಗುವುದಿಲ್ಲ. ಪಾಲಿಪ್ರೊಪಿಲೀನಿನ ಮೇಲ್ಮೈ ಜಿಡ್ಡಿನಂತೆ ಇತರ ವಸ್ತುಗಳನ್ನು ದೂರವಿಡುತ್ತದೆ. ಕಮಲದ ಎಲೆಯ ಮೇಲೆ ನೀರು ನಿಲ್ಲದಂತೆ ಅದರ ಮೇಲೆ ಅಂಟು ಹರಡಿ ಹಿಡಿದುಕೊಳ್ಳುವುದಿಲ್ಲ. ಬಣ್ಣ ಹೊಡೆಯುವವರು ಕೂಡ ಮೊದಲು ಅದಕ್ಕೆಂದೇ ಇರುವ ಒಂದು ಲೇಪವನ್ನು ಬಳಿಯಬೇಕಾಗುತ್ತದೆ. ಬಿರುಕನ್ನು ಬಲ್ಲವರು ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಕರಗಿಸಿ ಬೆಸೆಯುತ್ತಾರೆ. ಇಲ್ಲಿ ಒಳಮೈಯ ಸಂಕೇತಾಕ್ಷರಗಳು ಉಪಯೋಗಕ್ಕೆ ಬರುತ್ತವೆ. ಜಾತಿ ತಪ್ಪಿದ ಕಡ್ಡಿಯಿಂದ ಮಾಡಿದ ಬೆಸುಗೆ ನಿಲ್ಲುವುದಿಲ್ಲ.

ಇನ್ನು ಎಲ್ಲಕ್ಕಿಂತ ಮಿಗಿಲಾದ ಮಾತು. ಸಿಪ್ಪೆ ಸರಿಹೋಯಿತೆಂದರೆ ಕಾಯಿ ಸರಿಹೋಯಿತೆಂದಲ್ಲ. ಪ್ಲಾಸ್ಟಿಕ್ಕಿನ ಹೊದಿಕೆ ಮೂಲರೂಪಕ್ಕೆ ಮರಳುವ ಗುಣವುಳ್ಳದ್ದು. ಆದರೆ ಅದರ ಹಿಂದಿನ ಉಕ್ಕಿನ ತೊಲೆ ಒಮ್ಮೆ ತನ್ನ ಸ್ಥಿತಿಸ್ಥಾಪಕತೆಯ ಮಿತಿಯನ್ನು ಮೀರಿ ಬಾಗಿದರೆ ತಾನಾಗಿ ಮರಳುವುದಿಲ್ಲ. ಕುದಿಯುವ ನೀರಿನ ಬಿಸಿ ಅದಕ್ಕೆ ಏನೇನೂ ಸಾಲದು. ನೊರೆಯ ದಿಂಡು ಒಡೆದಿದ್ದರೆ ಅದು ಮುಂದಿನ ಪೆಟ್ಟನ್ನು ನುಂಗಲಾರದು. ಹೊರಗಿನ ಅಂದವನ್ನು ಕಂಡು ಒಳಗಿನ ಹಾನಿಯನ್ನು ಮರೆತವನು ಮುಂದಿನ ಅಪಘಾತದಲ್ಲಿ ಮೋಸಹೋಗುತ್ತಾನೆ. ಹಾನಿ ಮುಚ್ಚಿಹೋದ ಕಾರನ್ನು ಇನ್ನೊಬ್ಬರಿಗೆ ಮಾರುವವನು ಆ ಇನ್ನೊಬ್ಬರ ಪ್ರಾಣವನ್ನೇ ಪಣಕ್ಕಿಟ್ಟಂತಾಗುತ್ತದೆ. ಆದುದರಿಂದ ನಡಿಗೆಯ ವೇಗದಲ್ಲಿ ಆದ ಸಣ್ಣ ತಾಗುವಿಕೆಯ ನೆಗ್ಗನ್ನು ಮಾತ್ರ ಮನೆಯಲ್ಲಿ ತೆಗೆಯಬೇಕು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದರೆ ಹೊದಿಕೆಯನ್ನು ಬಿಚ್ಚಿಸಿ ಒಳಭಾಗಗಳನ್ನು ಬಲ್ಲವರಿಂದ ನೋಡಿಸಲೇಬೇಕು.

ಬಂಪರು ನೆಗ್ಗುತ್ತದೆಂದು ಬೇಸತ್ತು ಅದರ ಮುಂದೆ ದಪ್ಪನೆಯ ಉಕ್ಕಿನ ಕಂಬಿಗಳನ್ನು ಹಾಕಿಸಿಕೊಳ್ಳುತ್ತಿದ್ದವರು ಬಹಳ ಮಂದಿ. ಅದು ಕಾರಿನ ಬಂಪರನ್ನು ಉಳಿಸಬಹುದು, ಆದರೆ ಅದಕ್ಕೆ ಸಿಕ್ಕಿದ ಪಾದಚಾರಿಯನ್ನು ಉಳಿಸುವುದಿಲ್ಲ. ಪೆಟ್ಟನ್ನು ನುಂಗದೆ ಅದನ್ನು ನೇರವಾಗಿ ಕಾರಿನ ಚೌಕಟ್ಟಿಗೆ ದಾಟಿಸುತ್ತದೆ. ಇಂಥ ಕಂಬಿಗಳನ್ನು ಅಳವಡಿಸುವುದು ಮೋಟಾರು ವಾಹನ ಕಾಯಿದೆಗೆ ವಿರುದ್ಧವೆಂದು 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ತಿಳಿಸಿತು. ಬಾಗುವುದು ಬಂಪರಿನ ದೋಷವಲ್ಲ, ಅದರ ಗುಣ. ಆ ಗುಣವನ್ನು ಕಸಿದುಕೊಳ್ಳುವುದಕ್ಕಿಂತ ಬಾಗಿದುದನ್ನು ಮರಳಿ ನೆಟ್ಟಗೆ ಮಾಡುವುದು ಜಾಣತನ.

ಕೆಟ್ಟ ವಸ್ತುವನ್ನು ಎಸೆಯದೆ ಸರಿಪಡಿಸಿಕೊಳ್ಳುವುದು ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಪಾತ್ರೆಗೆ ಕಲಾಯಿ ಹಾಕಿಸಿ, ಕೊಡೆಯ ಕಡ್ಡಿಯನ್ನು ಕಟ್ಟಿಸಿ, ಚಪ್ಪಲಿಗೆ ಉಂಗುಷ್ಠ ಹೊಲಿಸಿ ಅವರು ಬಾಳಿದರು. ಎಸೆದ ಪ್ಲಾಸ್ಟಿಕ್ ಮಣ್ಣಿನಲ್ಲಿ ಎಲೆಯಂತೆ ಕೊಳೆಯುವುದಿಲ್ಲ; ಬಣ್ಣ ಬಳಿದ, ಬೇರೆ ವಸ್ತುಗಳು ಬೆರೆತ ಬಂಪರನ್ನು ಕರಗಿಸಿ ಮರುಬಳಕೆ ಮಾಡುವುದೂ ಸುಲಭವಲ್ಲ. ಹಾಗಾಗಿ ಉಳಿಸಿಕೊಂಡ ಒಂದೊಂದು ಬಂಪರೂ ನೆಲಕ್ಕೆ ಬೀಳುವ ಭಾರವನ್ನು ಅಷ್ಟರಮಟ್ಟಿಗೆ ತಗ್ಗಿಸುತ್ತದೆ. ಆದರೆ ಹಿರಿಯರು ತಾಮ್ರವನ್ನು ಬಲ್ಲವರಾಗಿದ್ದರು. ಅದನ್ನು ಎಲ್ಲಿ ತಟ್ಟಬೇಕು, ಎಷ್ಟು ತಟ್ಟಬೇಕು ಎಂಬುದು ಅವರ ಕೈಗೆ ಗೊತ್ತಿತ್ತು. ನಮ್ಮ ಕಾಲದ ವಸ್ತುಗಳನ್ನು ನಾವು ಅಷ್ಟೇ ಚೆನ್ನಾಗಿ ಅರಿಯಬೇಕಾಗಿದೆ. ತಾಮ್ರಕ್ಕೆ ಸುತ್ತಿಗೆ ಬೇಕಾಗಿದ್ದ ಕಡೆ ಪ್ಲಾಸ್ಟಿಕ್ಕಿಗೆ ಒಂದು ಪಾತ್ರೆ ಬಿಸಿನೀರು, ಒಂದಿಷ್ಟು ತಾಳ್ಮೆ, ಎಲ್ಲಿ ನಿಲ್ಲಿಸಬೇಕೆಂಬ ತಿಳಿವಳಿಕೆ ಬೇಕು. ಇವುಗಳಲ್ಲಿ ಮೊದಲಿನದು ಎಲ್ಲರ ಮನೆಯಲ್ಲಿಯೂ ಉಂಟು. ಉಳಿದೆರಡನ್ನು ನಾವೇ ಸಂಪಾದಿಸಿಕೊಳ್ಳಬೇಕು.